ಪ್ರತಿ: ಹಾರ್ಡನರ್, ಕ್ಯಾಟಲಿಸ್ಟ್ ಎರಡೂ ಒಂದೇನಾ?

ಪಾಲಿಯೆಸ್ಟರ್ ರೆಸಿನ್ (ಫೈಬರ್‌ಗ್ಲಾಸ್ ಕೆಲಸದಲ್ಲಿ ಬಳಸುವ, ಕಲಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಜೊತೆ ಬಂದ ಬಾಟಲಿ ಮೇಲೆ ಕ್ಯಾಟಲಿಸ್ಟ್ ಅಂತಿದೆ, ಅಂಗಡಿಯವರು ಅದನ್ನೇ ಹಾರ್ಡನರ್ ಅಂತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಫೈಬರ್‌ಗ್ಲಾಸ್ ಕೆಲಸದವರು ಎರಡೂ ಹೆಸರು ಬಳಸುತ್ತಾರೆ. ನಿಜ ಹೇಳಬೇಕು ಅಂದ್ರೆ ಎರಡೂ ತಪ್ಪು! ನೀರಿನ ಹಾಗೆ ತಿಳಿಯಾಗಿರುವ ಅದು ಎಂಇಕೆಪಿ ಅನ್ನುವ ಪೆರಾಕ್ಸೈಡ್, ಸರಿಯಾದ ಹೆಸರು ಇನಿಷಿಯೇಟರ್, ಅಂದರೆ ರೆಸಿನ್ ಗಟ್ಟಿಯಾಗುವುದನ್ನು ಶುರು ಮಾಡುವಂಥದ್ದು. ಕ್ಯಾಟಲಿಸ್ಟ್ ಆಗಿದ್ದರೆ ಕೆಲಸ ಮುಗಿದ ಮೇಲೂ ಹಾಗೇ ಉಳಿಯಬೇಕಿತ್ತು, ಇದು ಒಡೆದು ಖರ್ಚಾಗಿಬಿಡುತ್ತದೆ.

ಇನ್ನೊಂದು ಬಾಟಲಿಯ ನೇರಳೆ ದ್ರವ ಕೋಬಾಲ್ಟ್, ಅಂದರೆ ಆಕ್ಸಿಲರೇಟರ್, ಗಟ್ಟಿಯಾಗುವುದನ್ನು ಚುರುಕು ಮಾಡುವಂಥದ್ದು. ಇವೆರಡನ್ನೂ ನೇರವಾಗಿ ಸೇರಿಸಲೇಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಎಂಇಕೆಪಿ. ಎಂಇಕೆಪಿ ಸಾಮಾನ್ಯವಾಗಿ 1ರಿಂದ 2 ಶೇಕಡಾ, ಅಂದರೆ ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ. ಕನ್ನಡಕ, ಕೈಗವಸು ಬೇಕೇ ಬೇಕು, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಹಾರ್ಡನರ್ ಅನ್ನುವ ಹೆಸರು ಸರಿಯಾಗಿ ಒಪ್ಪುವುದು ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್‌ಗೆ. ಅಲ್ಲಿ ಅದು ರೆಸಿನ್ ಜೊತೆ ಸೇರಿ ವಸ್ತುವಿನ ಭಾಗವೇ ಆಗುತ್ತದೆ, ಅದಕ್ಕೇ ಡಬ್ಬದ ಮೇಲಿನ ಅಳತೆ ಮೀರುವಂತಿಲ್ಲ. ಚಳಿ ಇದೆ, ಬೇಗ ಗಟ್ಟಿಯಾಗಲಿ ಅಂತ ನಾನೊಮ್ಮೆ ಸುಮ್ನೆ ಜಾಸ್ತಿ ಸುರಿದೆ. ವಾರವಾದರೂ ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು, ಕೊನೆಗೆ ಅಷ್ಟನ್ನೂ ಕೆರೆದು ಎಸೆದೆ.

ಈ ಕೆಲಸದಲ್ಲಿ ಕೇಳಿಬರುವ ಇನ್ನೊಂದು ಪದ ಜೆಲ್ ಟೈಮ್, ಅಂದರೆ ಕಲಸಿದ ರೆಸಿನ್ ಹರಿಯುವುದು ನಿಂತು ಜೆಲ್ಲಿ ಆಗುವವರೆಗಿನ ಹೊತ್ತು. ಕಪ್ ಬಿಸಿಯಾಗಿ ಬ್ರಶ್‌ಗೆ ಗಂಟು ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ.