ಪೆಟ್ರೋಲಿನಲ್ಲಿ ರಬ್ಬರ್ ಶೀಟು ಕರಗುತ್ತದೆ, ಟ್ಯೂಬು ಏಕೆ ಕರಗದು?

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ರಬ್ಬರ್ ಮರಗಳಿವೆ. ಒಣಗಿದ ಶೀಟಿನ ಚೂರನ್ನೂ ಹಳೆಯ ಸೈಕಲ್ ಟ್ಯೂಬಿನ ಚೂರನ್ನೂ ಪೆಟ್ರೋಲಿನಲ್ಲಿ ಹಾಕಿಟ್ಟೆ. ಶೀಟು ನಾಲ್ಕೈದು ದಿನಗಳಲ್ಲಿ ಅಂಟಾಯಿತು. ಟ್ಯೂಬು ಉಬ್ಬಿತೇ ಹೊರತು ಕರಗಲಿಲ್ಲ. ಮರದ ಹಾಲಿನಲ್ಲಿ ನೀರೇ ಹೆಚ್ಚಿದ್ದರೂ ಶೀಟು ನೀರಿನಲ್ಲಿ ಕರಗುವುದಿಲ್ಲವೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮಗೆ ಸಿಕ್ಕಿದ ಅಂಟು ಪಂಕ್ಚರ್ ಅಂಗಡಿಯವರ ‘ಸಲ್ಯೂಷನ್’ನ ಹತ್ತಿರದ ನೆಂಟ. ಅವರಿಟ್ಟ ಹೆಸರು ಶಾಸ್ತ್ರೀಯವಾಗಿಯೂ ಸರಿ, ಏಕೆಂದರೆ ಅದು ನಿಜವಾದ ಪಾಲಿಮರ್ ದ್ರಾವಣ (ಪಾಲಿಮರ್ ಎಂದರೆ ಸಣ್ಣ ಘಟಕಗಳು ಸಾಲಾಗಿ ಜೋಡಿಕೊಂಡ ಉದ್ದನೆಯ ಸರಪಳಿ ಅಣು).

ಯಾವುದೇ ವಸ್ತು ಕರಗುವಾಗ ಎರಡು ಲೆಕ್ಕಗಳನ್ನು ನೋಡಬೇಕು: ಬೆರೆಯುವಾಗಿನ ಶಾಖದ ಕೊಡುಕೊಳ್ಳುವಿಕೆ ಒಂದು, ಅಣುಗಳು ಹರಡಿಕೊಳ್ಳಲು ಸಿಗುವ ಹೊಸ ಬಗೆಗಳು, ಅಂದರೆ ಎಂಟ್ರೊಪಿಯ ಹೆಚ್ಚಳ, ಇನ್ನೊಂದು. ಸಕ್ಕರೆಯ ಅಣುಗಳು ಬುಟ್ಟಿಯಲ್ಲಿರುವ ಬಿಡಿ ಅಬ್ಬಲಿಗೆ ಹೂಗಳಂತೆ ಎತ್ತ ಬೇಕಾದರೂ ಚದುರಬಲ್ಲವು. ರಬ್ಬರಿನ ಅಣುವಾದರೋ ಹತ್ತು ಸಾವಿರಕ್ಕೂ ಹೆಚ್ಚು ಐಸೊಪ್ರೀನ್ ಘಟಕಗಳನ್ನು ಕಟ್ಟಿದ ದಂಡೆ. ಒಂದು ಹೂ ಎಲ್ಲಿ ಕುಳಿತಿತೋ ಮುಂದಿನದು ಅದರ ಪಕ್ಕದಲ್ಲೇ ಕೂರಬೇಕಾದ್ದರಿಂದ ಎಂಟ್ರೊಪಿಯ ಲಾಭ ಬಹಳ ಕಡಿಮೆ. ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಅವರು 1941-42ರಲ್ಲಿ, ಪ್ರತ್ಯೇಕವಾಗಿಯೇ, ಚದುರಂಗದ ಮಣೆಯಂತಹ ಮನೆಗಳಲ್ಲಿ ಸರಪಳಿಗಳನ್ನು ಕೂರಿಸುವ ಬಗೆಗಳನ್ನೆಣಿಸಿ ಇದಕ್ಕೊಂದು ಸಮೀಕರಣ ಕೊಟ್ಟರು. ಘಟಕಕ್ಕೂ ದ್ರಾವಕಕ್ಕೂ ಇರುವ ಒಗ್ಗದಿಕೆಯನ್ನು ಅದರಲ್ಲಿ ‘ಕೈ’ ಎಂಬ ಗ್ರೀಕ್ ಅಕ್ಷರ ಸೂಚಿಸುತ್ತದೆ. ಸಮಗಾತ್ರದ ಸಣ್ಣ ಅಣುಗಳಾದರೆ ಈ ಸಂಖ್ಯೆ 2ನ್ನು ಮುಟ್ಟುವವರೆಗೂ ಅವು ಎಲ್ಲ ಪ್ರಮಾಣಗಳಲ್ಲಿ ಬೆರೆತಿರಬಲ್ಲವು; ಅತಿ ಉದ್ದದ ಸರಪಳಿಗೆ ಆ ಮಿತಿ 0.5ರ ಸುತ್ತಮುತ್ತ. ಪೆಟ್ರೋಲೂ ರಬ್ಬರೂ ಹೈಡ್ರೊಕಾರ್ಬನ್ನುಗಳೇ ಆದ್ದರಿಂದ ಒಗ್ಗುತ್ತವೆ. ನೀರಿನೊಡನೆ ಮಿತಿ ಬಹಳವೇ ಮೀರುತ್ತದೆ.

ನಾಲ್ಕೈದು ದಿನ ಹಿಡಿದದ್ದಕ್ಕೆ ಈ ಲೆಕ್ಕ ಕಾರಣವಲ್ಲ. ಸಿಕ್ಕುಬಿದ್ದ ಸರಪಳಿಗಳು ಬಿಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು, ಅಷ್ಟೆ.

ಟ್ಯೂಬಿನ ರಬ್ಬರನ್ನು ಗಂಧಕ ಬೆರೆಸಿ ಕಾಯಿಸಿರುವುದರಿಂದ ಸರಪಳಿಗಳ ನಡುವೆ ಗಂಟುಗಳು ಬಿದ್ದು, ಇಡೀ ಟ್ಯೂಬು ಹೆಚ್ಚುಕಡಿಮೆ ಒಂದೇ ಅಣುವಾಗಿರುತ್ತದೆ. ಪೆಟ್ರೋಲು ಒಳನುಗ್ಗಿದಂತೆಲ್ಲ ಸರಪಳಿಗಳು ಬಿಗಿಯುತ್ತವೆ; ಬೆರೆಯುವ ಒತ್ತಡವೂ ಆ ಬಿಗಿತವೂ ಸಮವಾದಲ್ಲಿ ಉಬ್ಬುವುದು ನಿಲ್ಲುತ್ತದೆ. ಫ್ಲೋರಿ ಮತ್ತು ಜಾನ್ ರೇನರ್ 1943ರಲ್ಲಿ ಈ ಸಮತೋಲವನ್ನು ಲೆಕ್ಕಕ್ಕೆ ತಂದರು. ಉಬ್ಬಿದ ಚೂರನ್ನು ತೂಗಿ ಗಂಟುಗಳೆಷ್ಟು ದಟ್ಟವೆಂದು ಅಳೆಯುವ ಕ್ರಮ ಪ್ರಯೋಗಾಲಯಗಳಲ್ಲಿ ಇಂದಿಗೂ ಇದೆ. (ನೀವು ಮಾಡಿದ್ದು ಅದನ್ನೇ, ತಕ್ಕಡಿಯೊಂದು ಇರಲಿಲ್ಲ. ಒಲೆಯಿಂದ ಮಾತ್ರ ದೂರವಿಡಿ.)

ಇನ್ನು ಮರದ ಹಾಲು ದ್ರಾವಣವೇ ಅಲ್ಲ. ಪ್ರೋಟೀನು ಮತ್ತು ಮೇದಸ್ಸಿನ ಪೊರೆ ಹೊದ್ದ ರಬ್ಬರ್ ಕಣಗಳು ಋಣ ವಿದ್ಯುದಾವೇಶದಿಂದ ಒಂದನ್ನೊಂದು ದೂಡುತ್ತ ನೀರಿನಲ್ಲಿ ತೇಲಿಕೊಂಡಿರುತ್ತವೆ. ಶೀಟು ಮಾಡುವಾಗ ಬೆರೆಸುವ ಫಾರ್ಮಿಕ್ ಆಮ್ಲ ಆ ಆವೇಶವನ್ನು ತಗ್ಗಿಸುತ್ತದೆ; ಹಾಗೆ ಒಮ್ಮೆ ಕೂಡಿಕೊಂಡ ಕಣಗಳು ಮತ್ತೆ ಎಷ್ಟು ನೀರು ಸುರಿದರೂ ಬಿಡಿಯಾಗುವುದಿಲ್ಲ.