ಕನ್ನಡ ಕಥೆಯನ್ನು ಬ್ರೈಲ್‌ಗೆ ತರುವುದು ಹೇಗೆ? ಬ್ರೈಲ್‌ನಲ್ಲಿ ಬಂದ ಕಾಗದ ಓದುವುದು ಹೇಗೆ?

ತಂಗಿಯ ಮಗಳು ಬ್ರೈಲ್ ಕಲಿಯುತ್ತಿದ್ದಾಳೆ, ಅವಳಿಗಾಗಿ ಬರೆದ ಕಥೆಗಳನ್ನು ಬ್ರೈಲ್ ಮಾಡಿಸಬೇಕು, ಅವಳು ಬರೆದು ಕಳಿಸುವ ಕಾಗದವನ್ನು ನಾನೇ ಓದಬೇಕು, ಇದಕ್ಕೆ ಸಾಫ್ಟ್‌ವೇರ್ ಇದೆಯೇ ಎಂದು ಕೇಳಿದ್ದೀರಿ. ಇದೆ. ಆದರೆ ಸಾಫ್ಟ್‌ವೇರ್‌ಗೆ ಕೊಡುವ ಮೊದಲು ನಿಮ್ಮ ಕಥೆಯನ್ನೇ ಒಮ್ಮೆ ಪರೀಕ್ಷಿಸಬೇಕು. ಕೆಲವು ವರ್ಷಗಳಿಂದ ಮಕ್ಕಳ ಪಾಠಗಳನ್ನು ಬ್ರೈಲ್‌ಗೆ ಸಿದ್ಧ ಮಾಡುತ್ತಿದ್ದೇನೆ. ಎಡವಿದ್ದೆಲ್ಲ ಅಲ್ಲೇ.

ಕನ್ನಡಕ್ಕೆ ಬಳಸುವುದು ಭಾರತಿ ಬ್ರೈಲ್. 1951ರ ಹೊತ್ತಿಗೆ ರೂಪುಗೊಂಡ ಇದರಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಒಂದೇ ಮನೆ: 1 ಮತ್ತು 3ನೇ ಚುಕ್ಕೆ. ಮನೆ ಎಂದರೆ ಒಂದು ಗುರುತು ಕೂರುವ ಜಾಗ. ಒಂದು ಮನೆಗೆ ಆರು ಚುಕ್ಕೆ: ಎಡ ಸಾಲಿನಲ್ಲಿ ಮೇಲಿನಿಂದ 1, 2, 3, ಬಲ ಸಾಲಿನಲ್ಲಿ 4, 5, 6. ಗುಣಿತಕ್ಕೆ ಬೇರೆ ಗುರುತಿಲ್ಲ, ವ್ಯಂಜನದ ಮುಂದೆ ಸ್ವರವನ್ನೇ ಬರೆಯುತ್ತಾರೆ. ‘ಕಿ’ ಎಂದರೆ ‘ಕ’, ಆಮೇಲೆ ‘ಇ’. ಒತ್ತಕ್ಷರವೂ ಕೆಳಗಿಳಿಯುವುದಿಲ್ಲ. ಅರ್ಧ ಅಕ್ಷರದ ಹಿಂದೆ 4ನೇ ಚುಕ್ಕೆಯೊಂದೇ ಇರುವ ಮನೆ ಬರುತ್ತದೆ. ‘ಅಕ್ಕ’ ಎಂದರೆ ಅ, 4ನೇ ಚುಕ್ಕೆ, ಕ, ಕ. ನಾವು ‘ಸೂರ್ಯ’ ಬರೆಯುವಾಗ ಅರ್ಕಾವತ್ತನ್ನು ಕೊನೆಗೆ ಹಾಕುತ್ತೇವೆ. ಬ್ರೈಲ್‌ನಲ್ಲಿ ‘ರ’ ಮೊದಲು, ‘ಯ’ ಆಮೇಲೆ, ಬಾಯಲ್ಲಿ ಹೇಳುವ ಕ್ರಮದಲ್ಲೇ. ನನಗೆ ಇದು ತುಂಬ ಇಷ್ಟ.

ಪರಿವರ್ತನೆಗೆ ಡಕ್ಸ್‌ಬರಿ ಎಂಬ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಇದೆ. ಲಿಬ್‌ಲೂಯಿ ಉಚಿತ, ಮುಕ್ತ ತಂತ್ರಾಂಶ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಅಂಧರಿಗೆ ಓದಿಹೇಳುವ ತಂತ್ರಾಂಶ) ಬ್ರೈಲ್ ತೋರಿಸುವುದು ಅದರಿಂದಲೇ, ಅದರಲ್ಲಿ ಕನ್ನಡವೂ ಇದೆ. ಭಾಷೆ ಕನ್ನಡವೆಂದು ಆರಿಸಿರುವುದನ್ನು ಖಾತ್ರಿ ಮಾಡಿಕೊಳ್ಳಿ.

ಇನ್ನು ನಿಮ್ಮ ಕಥೆಯ ವಿಷಯ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆಗೆ, ತಿರುಗಿಸಿ. ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಬ್ರೈಲ್‌ಗೆ ಹೋದರೆ ಕಲಸುಮೇಲೋಗರ. ಇದು ತಕ್ಷಣ ಗೊತ್ತಾಗುತ್ತದೆ, ಅದರ ಚಿಂತೆಯಿಲ್ಲ. ಕಣ್ಣಿಗೆ ಬೀಳದ ತಪ್ಪು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವವರು ಬಹಳ. ಪರದೆಯಲ್ಲಿ ‘ಬಂದ’, ‘ಬ೦ದ’ ಎರಡೂ ಒಂದೇ. ಒಮ್ಮೆ ನಾನು ಹೀಗೆ ಟೈಪಾಗಿ ಬಂದ ಪಾಠವನ್ನು ಹಾಗೇ ಮುದ್ರಣಕ್ಕೆ ಕೊಟ್ಟೆ. ಹುಡುಗಿಯೊಬ್ಬಳು ಓದುತ್ತಾ ಓದುತ್ತಾ ನಿಲ್ಲಿಸಿ, “ಬಣಜದ ಅಂದ್ರೆ ಏನು?” ಎಂದಳು. ಅಂಕಿ ಬರುತ್ತದೆ ಎಂದು ಹೇಳುವ ಗುರುತು ಮತ್ತು ‘ಣ’ ಎರಡಕ್ಕೂ ಒಂದೇ ಮನೆ (3, 4, 5, 6ನೇ ಚುಕ್ಕೆ), ಸೊನ್ನೆ ಮತ್ತು ‘ಜ’ ಎರಡಕ್ಕೂ ಒಂದೇ ಮನೆ. ಅವಳ ಬೆರಳು ಸರಿಯಾಗಿಯೇ ಓದಿತ್ತು. ಆ ಪಾಠದ ತುಂಬ ಅಂಥ ಪದಗಳು. ಅವಳು ಅಷ್ಟು ಹೊತ್ತು ತಪ್ಪು ತನ್ನದೇ ಎಂದುಕೊಂಡು ಮತ್ತೆ ಮತ್ತೆ ಬೆರಳಾಡಿಸಿದ್ದಳು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಈಗ ಯಾವ ಕಡತ ಬಂದರೂ ಮೊದಲು ಹುಡುಕುವುದು ಪದದ ನಡುವಿನ ಸೊನ್ನೆಯನ್ನು.

ಅವಳ ಕಾಗದ ಓದಲು ಮೊಬೈಲ್ ಫೋಟೋವನ್ನೇ ನೆಚ್ಚಬೇಡಿ, ಹಾಳೆಯ ಎರಡೂ ಬದಿ ಬರೆದಿದ್ದರೆ ಉಬ್ಬು ತಗ್ಗು ಎರಡೂ ಬೆರೆತು ಕಾಣುತ್ತವೆ. ನೀವೇ ಕಲಿತುಬಿಡಿ. ಕನ್ನಡದಲ್ಲಿ ಒಟ್ಟು ಸುಮಾರು ಐವತ್ತು ಮನೆಗಳು, ದಿನಕ್ಕೆ ಅರ್ಧ ಗಂಟೆ ಕೂತರೆ ಕೆಲವೇ ವಾರದ ಕೆಲಸ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಚುಕ್ಕೆಗಳ ನೆರಳು ಎದ್ದು ಕಾಣುತ್ತದೆ. ಸ್ಲೇಟು (ಮನೆಗಳಿರುವ ಚೌಕಟ್ಟು), ಸ್ಟೈಲಸ್‌ನಿಂದ (ಚುಚ್ಚುವ ಮೊನೆ) ಬರೆಯುವವರು ಬಲದಿಂದ ಎಡಕ್ಕೆ ಚುಚ್ಚುತ್ತಾರೆ, ಹಾಳೆ ಮಗುಚಿದಾಗ ಅದು ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ಹಾಗಾಗಿ ಉಬ್ಬಿರುವ ಬದಿಯನ್ನೇ ನೋಡಿ.

ಕಥೆಗಳು ನಿಮ್ಮವೇ ಆದ್ದರಿಂದ ಹಕ್ಕಿನ ತೊಡಕಿಲ್ಲ. ಬೇರೆಯವರ ಪುಸ್ತಕವನ್ನೂ ಅಂಧ ಓದುಗರಿಗಾಗಿ ಬ್ರೈಲ್ ಮಾಡಲು 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಟ್ಟಿದೆ.

ಒಂದೇ ಸಲ ಎಲ್ಲ ಕಥೆ ಮುದ್ರಿಸಬೇಡಿ. ಮೊದಲು ಒಂದು ಪುಟ ತೆಗೆಸಿ ಮಗುವಿಗೆ ಕೊಡಿ. ಅವಳು ಗಟ್ಟಿಯಾಗಿ ಓದಲಿ, ನೀವು ಮೂಲ ಪ್ರತಿ ಹಿಡಿದು ಪಕ್ಕದಲ್ಲಿ ಕೂತಿರಿ. ತಡವರಿಸಿದ ಕಡೆ ಅವಳನ್ನು ತಿದ್ದಬೇಡಿ, ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ.