ಕರು ಹಾಕಿ ಒಂಬತ್ತು ತಿಂಗಳಾದರೂ ಹಸು ಬೆದೆಗೆ ಬಂದಿಲ್ಲ

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು ಸಾರ್. ನಮ್ಮ ಹಳ್ಳಿಕಾರ್ ಹಸು ಕರು ಹಾಕಿ ಒಂಬತ್ತು ತಿಂಗಳಾಯಿತು, ಇನ್ನೂ ಬೆದೆಗೆ ಬಂದಿಲ್ಲ. ಹಗಲು ಬಯಲಲ್ಲಿ ಮೇಯುತ್ತೆ, ರಾತ್ರಿ ರಾಗಿ ಹುಲ್ಲು ಹಾಕ್ತೀವಿ. ಹಾಲು ಕರೆಯಲ್ಲ, ಹೋರಿಕರು ಚೆನ್ನಾಗಿ ಬೆಳೀಲಿ ಅಂತ ತಾಯಿ ಜೊತೆಗೇ ಬಿಟ್ಟಿದ್ದೀವಿ. ಬೆದೆಗೆ ಬರೋಕೆ ಇಂಜೆಕ್ಷನ್ ಕೊಡಿಸಲಾ?

ಉತ್ತರ: ಈಗಲೇ ಬೇಡ. ಮೊದಲು ಪಶುವೈದ್ಯರನ್ನು ಕರೆಸಿ ಗಬ್ಬ ಪರೀಕ್ಷೆ ಮಾಡಿಸಿ. ಬಯಲಲ್ಲಿ ಮೇಯುವ ಹಸು ನಿಮಗೆ ಗೊತ್ತಿಲ್ಲದೆ ಗಬ್ಬ ಆಗಿರಬಹುದು. ಹಾಗಿದ್ದರೆ ಬೆದೆ ಬರಿಸುವ ಕೆಲವು ಇಂಜೆಕ್ಷನ್‌ಗಳಿಂದ ಕಂದು ಹಾಕಿಬಿಡುತ್ತದೆ, ಅಂದರೆ ಗರ್ಭಪಾತವಾಗುತ್ತದೆ.

ಗಬ್ಬ ಇಲ್ಲ ಅಂದರೆ, ಕಾರಣ ನಿಮ್ಮ ಮಾತಿನಲ್ಲೇ ಇದೆ. ಕರು ದಿನವಿಡೀ ಕೆಚ್ಚಲಿಗೆ ಬಾಯಿ ಹಾಕುತ್ತಿದ್ದರೆ ತಾಯಿ ಬೆದೆಗೆ ಬರುವುದು ತಡವಾಗುತ್ತದೆ. ಒಂಬತ್ತು ತಿಂಗಳ ಕರು ಹುಲ್ಲು ತಿಂದು ಬದುಕುತ್ತದೆ. ಅದನ್ನು ಬೇರೆ ಕಡೆ ಕಟ್ಟಿ ಹಾಲು ಬಿಡಿಸಿ. ಮುಂದಿನ ಸೂಲಿನಲ್ಲಿ ಎರಡು ಮೂರು ತಿಂಗಳಾದ ಮೇಲೆ ಬೆಳಿಗ್ಗೆ, ಸಂಜೆ ಮಾತ್ರ ಕುಡಿಯಲು ಬಿಡಿ.

ಇನ್ನು ಮೇವು. ಹಸುವಿನ ಪಕ್ಕ ನಿಂತು ನೋಡಿ. ಪಕ್ಕೆಲುಬು ಎಣಿಸುವಂತಿದ್ದು ಸೊಂಟದ ಮೂಳೆ ಎದ್ದಿದ್ದರೆ, ತಿಂದದ್ದು ಅದರ ಮೈಗೇ ಸಾಲುತ್ತಿಲ್ಲ ಅಂತ ಅರ್ಥ. ಗಬ್ಬ ಕಟ್ಟುವುದು ಎಲ್ಲಿಂದ ಬಂತು? ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನೂ ಕಡಿಮೆ, ರಂಜಕವೂ ಕಡಿಮೆ. ದಿನಕ್ಕೆ 1 ಕೆ.ಜಿ. ಗೋಧಿ ಬೂಸಾ, ಅರ್ಧ ಕೆ.ಜಿ. ಕಡಲೆಕಾಯಿ ಹಿಂಡಿ, 50 ಗ್ರಾಂ ಖನಿಜ ಮಿಶ್ರಣ ಕೊಡಿ. ಒಂದೇ ದಿನ ಸುರಿಯಬೇಡಿ, ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಜಂತುಹುಳದ ಔಷಧಿಯನ್ನೂ ಹಾಕಿಸಿ. ಫಲ ಕಾಣಲು ಒಂದೆರಡು ತಿಂಗಳು ಬೇಕು, ದಯವಿಟ್ಟು ಕಾಯಿರಿ.

ಬೆದೆ ನಿಮ್ಮ ಕಣ್ತಪ್ಪಿರಲೂಬಹುದು. ನಾಟಿ ಹಸು ಸೀಮೆಹಸುವಿನಂತೆ ಊರಿಗೆಲ್ಲ ಕೇಳುವಂತೆ ಕೂಗುವುದು ಕಡಿಮೆ. ಸುಮ್ನೆ ಮೇವು ಬಿಟ್ಟು ನಿಂತಿರುತ್ತದೆ, ಅಷ್ಟೇ. ಬೆಳಗಿನ ಜಾವ, ಮಲಗುವ ಮುಂಚೆ ಟಾರ್ಚ್ ಹಿಡಿದು ಬಾಲದ ಬುಡ ನೋಡಿ. ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ಇಳಿದಿದ್ದರೆ ಅಥವಾ ಬಾಲಕ್ಕೆ ಅಂಟಿ ಒಣಗಿದ್ದರೆ ಅದೇ ಬೆದೆ. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹೋರಿ ಕೊಡಿಸಿ, ಇಲ್ಲವೇ ಹಳ್ಳಿಕಾರ್ ಸೆಮೆನ್ ಹಾಕಿಸಿ.

ಹೋರಿಯ ವಿಷಯದಲ್ಲಿ ಒಂದು ಮಾತು. ಈ ಹಸುವಿನ ಅಪ್ಪನನ್ನೋ ಅಣ್ಣತಮ್ಮನನ್ನೋ ಮತ್ತೆ ಇದಕ್ಕೇ ಕೊಡಿಸಬೇಡಿ. ಕೊಂಬು, ಬಣ್ಣದ ಜೊತೆಗೆ ಹೋರಿಯ ತಾಯಿ ಎಷ್ಟು ತಿಂಗಳಿಗೊಮ್ಮೆ ಕರು ಹಾಕುತ್ತಿತ್ತು ಅಂತಲೂ ವಿಚಾರಿಸಿ. ಜಾತ್ರೆಯಲ್ಲಿ ಇದನ್ನು ಕೇಳುವವರೇ ಕಡಿಮೆ, ಅಲ್ವಾ?

ಕೊಡಿಸಿದ ತಾರೀಖನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 18ರಿಂದ 24ನೇ ದಿನದವರೆಗೆ ಮತ್ತೆ ಬಾಲ ನೋಡಿ. ಬೆದೆ ಕಾಣದಿದ್ದರೆ ಮೂರು ತಿಂಗಳಿಗೆ ವೈದ್ಯರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.